ಹಳೆಯ ಫಿಯೆಟ್ಟಿಗೆ ಹೊಸ ಎಂಜಿನ್: ಇಂಧನ ವ್ಯವಸ್ಥೆಯ ವಿಚಾರ

ಮುಂಬಯಿಯ ಬೀದಿಗಳಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ಸಂಚರಿಸಿದ ಕಪ್ಪು-ಹಳದಿ ಬಣ್ಣದ ಫಿಯೆಟ್ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರ್ 30ಕ್ಕೆ ಮುಗಿಯಿತು. ತಾಡದೇವದ ಸಾರಿಗೆ ಕಚೇರಿಯಲ್ಲಿ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು; ಈ ನಗರದ ಟ್ಯಾಕ್ಸಿಗಳಿಗೆ ವಿಧಿಸಿದ್ದ ಇಪ್ಪತ್ತು ವರ್ಷಗಳ ಆಯುರ್ಮಿತಿ ಅದಕ್ಕೂ ಒದಗಿತು. ಆದರೆ ಈ ಮಿತಿ ಬಾಡಿಗೆಯ ವಾಹನಕ್ಕೆ ಸಂಬಂಧಿಸಿದ್ದು. ಮನೆಯ ಹಿರಿಯರು ವರ್ಷಗಟ್ಟಲೆ ಸರದಿ ಕಾದು ಕೊಂಡ ಖಾಸಗಿ ಪದ್ಮಿನಿಗಳು ಉಪನಗರಗಳ ಸೊಸೈಟಿ ಅಂಗಳಗಳಲ್ಲಿ ಇನ್ನೂ ಉಳಿದಿವೆ. ಅವುಗಳನ್ನು ಮತ್ತೆ ರಸ್ತೆಗೆ ತರಬೇಕೆಂಬ ಹಂಬಲವೂ ಉಳಿದಿದೆ. ಸವೆದ ಹಳೆಯ ಎಂಜಿನ್ನನ್ನು ಕಳಚಿ ಹೊಸ ಕಾಲದ ಎಂಜಿನ್ನೊಂದನ್ನು ಕೂರಿಸುವ ಪ್ರಯತ್ನಗಳು ಈ ಹಂಬಲದಿಂದಲೇ ಹುಟ್ಟಿದವು.

ಇಂಥ ಕೆಲಸಕ್ಕೆ ಕೈಹಾಕುವವರು ಸಾಮಾನ್ಯವಾಗಿ ಎಂಜಿನ್ನಿನ ಅಶ್ವಶಕ್ತಿ, ಗೇರುಪೆಟ್ಟಿಗೆಯ ಜೋಡಣೆ, ಬೆಲೆ ಇವುಗಳನ್ನೇ ಚರ್ಚಿಸುತ್ತಾರೆ. ಪೆಟ್ರೋಲು ಟ್ಯಾಂಕಿನಿಂದ ಎಂಜಿನ್ನಿನವರೆಗೆ ಹೇಗೆ ಹೋಗಬೇಕು ಎಂಬುದನ್ನು ಕೊನೆಯ ದಿನದ ಕೊಳಾಯಿ ಕೆಲಸವೆಂದು ಬಗೆಯುತ್ತಾರೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಎಂಜಿನ್ನನ್ನು ಒಂದು ದಿನದಲ್ಲಿ ಕೊಳ್ಳಬಹುದು. ಇಂಧನ ವ್ಯವಸ್ಥೆಯಾದರೋ ಕಾರಿನ ಶರೀರಕ್ಕೆ ಸೇರಿದ್ದು. ಅದು ಯಾವ ಎಂಜಿನ್ನಿಗಾಗಿ ರಚಿತವಾಗಿತ್ತೋ ಆ ಎಂಜಿನ್ನಿನೊಡನೆಯೇ ಅದರ ಹೊಂದಾಣಿಕೆ. ಎಂಜಿನ್ ಬದಲಾದಾಗ ಅದೂ ಮೊದಲಿನಿಂದ ಮರುರಚನೆಗೊಳ್ಳಬೇಕು. ಎಂಜಿನ್ ಕೆಟ್ಟರೆ ಕಾರು ರಸ್ತೆಯಲ್ಲಿ ನಿಲ್ಲುತ್ತದೆ, ಅಷ್ಟೆ. ಇಂಧನದ ಕೊಳವೆ ಕೆಟ್ಟರೆ ಕಾರು ಉರಿಯುತ್ತದೆ.

ಈ ಕಾರಿನ ಪೂರ್ವಕಥೆಯಲ್ಲಿ ಕನ್ನಡಿಗರಿಗೆ ಒಂದು ಪಾಲುಂಟು. ಹಿಂದೂದೇಶದಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸಂಚರಿಸಿ ಯೋಜನೆ ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದರು ಅದನ್ನು ಎತ್ತಿಕೊಂಡರು. ಮೈಸೂರು ಸಂಸ್ಥಾನದಲ್ಲಿಯೇ ಅದು ನೆಲೆಗೊಳ್ಳಲಿ ಎಂಬ ಮಾತು ನಡೆದು, ಬ್ರಿಟಿಷ್ ಸರ್ಕಾರದ ಅನಾದರಣೆಯಿಂದ ಕೈಗೂಡಲಿಲ್ಲ. ಅದೇ ವಾಲ್‌ಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಮೋಟಾರು ಕಾರ್ಖಾನೆ ಮಾತ್ರ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಹುಟ್ಟಿ ಮುಂಬಯಿಯ ಕುರ್ಲಾದಲ್ಲಿ ನೆಲೆಯೂರಿತು. ಮೊದಲು ಅಮೆರಿಕದ ಕ್ರೈಸ್ಲರ್ ವಾಹನಗಳನ್ನು ಜೋಡಿಸುತ್ತಿದ್ದ ಈ ಸಂಸ್ಥೆ ಅನಂತರ ಇಟಲಿಯ ಫಿಯೆಟ್ ಕಂಪನಿಯೊಡನೆ ಕೈಜೋಡಿಸಿತು. 1964ರಲ್ಲಿ ಬಂದ ಫಿಯೆಟ್ 1100-ಡಿ ಮಾದರಿಯೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡಿತು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಫಿಯೆಟ್ಟೇ.

ಮೂಲ ಕಾರಿನ ಇಂಧನ ವ್ಯವಸ್ಥೆ ಸರಳತೆಯ ಮಾದರಿ. ಸುಮಾರು 38 ಲೀಟರ್ ಹಿಡಿಯುವ ತಗಡಿನ ಟ್ಯಾಂಕು ಹಿಂಭಾಗದಲ್ಲಿ. ಅಲ್ಲಿಂದ ಸಣ್ಣ ಲೋಹದ ಕೊಳವೆಯೊಂದು ತಳದಡಿಯಲ್ಲಿ ಮುಂದಕ್ಕೆ ಹರಿದು ಎಂಜಿನ್ನಿನ ಪಕ್ಕದ ಪಂಪನ್ನು ಸೇರುತ್ತದೆ. ಎಂಜಿನ್ನಿನೊಳಗಿನ ಕ್ಯಾಮ್ ದಂಡ ಒಂದೊಂದು ಸುತ್ತಿಗೂ ಪಂಪಿನ ಸನ್ನೆಯನ್ನು ಒತ್ತುತ್ತದೆ. ಒಳಗಿನ ರಬ್ಬರು ಪೊರೆ ಏರಿಳಿದು ಪೆಟ್ರೋಲನ್ನು ಹಿಂದಿನಿಂದ ಹೀರಿ ಕಾರ್ಬುರೇಟರಿಗೆ ದಾಟಿಸುತ್ತದೆ. ಒತ್ತಡ ಕಾಲು ಬಾರಿನ ಆಸುಪಾಸು. ವಾತಾವರಣದ ಒತ್ತಡ ಸುಮಾರು ಒಂದು ಬಾರ್ ಎಂಬುದನ್ನು ನೆನೆದರೆ ಇದು ಎಷ್ಟು ಸೌಮ್ಯವೆಂಬುದು ತಿಳಿಯುತ್ತದೆ. ಕಾರ್ಬುರೇಟರಿನ ಬಟ್ಟಲು ತುಂಬಿದೊಡನೆ ತೇಲುಗುಂಡು ಸೂಜಿಯನ್ನು ಮೇಲೆತ್ತಿ ದ್ವಾರ ಮುಚ್ಚುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಇರುವುದು ಒತ್ತಡವಲ್ಲ, ಹೀರಿಕೆ. ಆದುದರಿಂದ ಅಲ್ಲೆಲ್ಲೋ ಕೂದಲೆಳೆಯ ಬಿರುಕು ಬಿದ್ದರೂ, ಕಾರು ಓಡುತ್ತಿರುವಷ್ಟು ಹೊತ್ತು ಪೆಟ್ರೋಲು ಚಿಮ್ಮುವುದಕ್ಕಿಂತ ಗಾಳಿ ಒಳಸೇರುವುದೇ ಹೆಚ್ಚು. ಎಂಜಿನ್ ಬಿಕ್ಕುತ್ತದೆ, ನಿಲ್ಲುತ್ತದೆ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಆ ಕಾಲದ ರಚನೆಯಲ್ಲಿ ತಾನಾಗಿಯೇ ಅಡಗಿದ್ದ ಈ ಸುರಕ್ಷತೆಯನ್ನು ಯಾರೂ ಗಮನಿಸಿರಲಿಲ್ಲ. ಅದು ಇಲ್ಲವಾದಾಗಲೇ ಅದರ ಬೆಲೆ ಗೊತ್ತಾಗುವುದು.

ಇದರ ದೋಷ ಒಂದೇ. ಮೇ ತಿಂಗಳ ಮಧ್ಯಾಹ್ನ ಸಾಯನ್ ವೃತ್ತದಲ್ಲಿ ಅರ್ಧ ಗಂಟೆ ನಿಂತ ಕಾರಿನಲ್ಲಿ ಪಂಪು ಕಾದು, ಹೀರಿಕೆಯ ಭಾಗದಲ್ಲಿ ಪೆಟ್ರೋಲು ಆವಿಯಾಗಿ, ಪಂಪು ಆವಿಯನ್ನೇ ಹೀರತೊಡಗುತ್ತದೆ. ಹಳೆಯ ಚಾಲಕರು ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸುತ್ತಿದ್ದುದು ಮೂಢನಂಬಿಕೆಯಲ್ಲ, ಉಷ್ಣಶಾಸ್ತ್ರ.

ಇಂಧನದ ಪರಿವರ್ತನೆ ಈ ಸೀಮೆಗೆ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದಕ್ಷಿಣ ಕನ್ನಡದ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಅದರ ಅನಿಲದಿಂದ ಓಡಿದುವು. ಮುಂಬಯಿಯಲ್ಲಿ ಅಂಥದೇ ಒಂದು ಸಾಮೂಹಿಕ ಪರಿವರ್ತನೆ ಅರ್ಧ ಶತಮಾನದ ಅನಂತರ ನಡೆಯಿತು. ಮಹಾನಗರ ಗ್ಯಾಸ್ ಸಂಸ್ಥೆ 1995ರಲ್ಲಿ ಸ್ಥಾಪಿತವಾಯಿತು. ಹೊಗೆಯಿಂದ ಬಾಧಿತರಾದ ನಾಗರಿಕರ ವೇದಿಕೆಯೊಂದು 1999ರಲ್ಲಿ ಹೂಡಿದ ದಾವೆಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಹಳೆಯ ಟ್ಯಾಕ್ಸಿಗಳು ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿತು. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸರು ಹಿಂದೊಮ್ಮೆ ಸಂಘಟಿಸಿದ್ದ ಟ್ಯಾಕ್ಸಿ ಚಾಲಕವರ್ಗಕ್ಕೆ ಇದು ಹೊಟ್ಟೆಪಾಡಿನ ಪ್ರಶ್ನೆ. ಕೆಲವೇ ವರ್ಷಗಳಲ್ಲಿ ಪದ್ಮಿನಿಗಳ ಹಿಂಬದಿಯ ಸಾಮಾನುಗೂಡಿನಲ್ಲಿ, ಅಂದರೆ ಮುಂಬಯಿಯ ಮಾತಿನ ‘ಡಿಕ್ಕಿ’ಯಲ್ಲಿ, ದಪ್ಪ ಉಕ್ಕಿನ ಸಿಲಿಂಡರುಗಳು ಮಲಗಿದವು; ಪ್ರಯಾಣಿಕರ ಪೆಟ್ಟಿಗೆಗಳು ಮಾಡಿನ ಮೇಲಿನ ಕ್ಯಾರಿಯರನ್ನೇ ನೆಚ್ಚಬೇಕಾಯಿತು.

ಈ ಪರಿವರ್ತನೆಯ ತಂತ್ರವನ್ನು ಕೊಂಚ ವಿವರಿಸುವುದು ಪ್ರಕೃತ ವಿಷಯಕ್ಕೆ ಉಪಯುಕ್ತ. ಏಕೆಂದರೆ ಎಂಜಿನ್ ಅದೇ ಉಳಿದು ಇಂಧನ ವ್ಯವಸ್ಥೆ ಮಾತ್ರ ಬದಲಾದರೆ ಏನಾಗುತ್ತದೆಂಬುದಕ್ಕೆ ಇದು ನಿದರ್ಶನ. ಸಿಲಿಂಡರಿನಲ್ಲಿ ಅನಿಲ 200 ಬಾರ್ ಒತ್ತಡದಲ್ಲಿರುತ್ತದೆ. ಅದು ಉಕ್ಕಿನ ಕೊಳವೆಯಲ್ಲಿ ಮುಂದೆ ಬಂದು ರೆಗ್ಯುಲೇಟರಿನಲ್ಲಿ ವಾತಾವರಣದ ಮಟ್ಟಕ್ಕೆ ಇಳಿಯಬೇಕು. ಹಾಗೆ ಹಿಗ್ಗುವಾಗ ಅನಿಲ ಹಿಮದಷ್ಟು ತಣ್ಣಗಾಗುವುದರಿಂದ ರೇಡಿಯೇಟರಿನ ಬಿಸಿನೀರನ್ನು ರೆಗ್ಯುಲೇಟರಿನ ಸುತ್ತ ಹರಿಸಬೇಕು. ಅಲ್ಲಿಂದ ಅದು ಕಾರ್ಬುರೇಟರಿನ ಬಾಯಲ್ಲಿರುವ ಮಿಕ್ಸರಿನ ಮೂಲಕ ಗಾಳಿಯೊಡನೆ ಬೆರೆಯುತ್ತದೆ. ಪೂರ್ಣ ದಹನಕ್ಕೆ ತಕ್ಕ ಮಿಶ್ರಣದಲ್ಲಿ ಮೀಥೇನಿನ ಗಾತ್ರ ನೂರಕ್ಕೆ ಒಂಬತ್ತೂವರೆ. ಪೆಟ್ರೋಲಿನ ಆವಿಯಾದರೆ ನೂರಕ್ಕೆ ಎರಡು ಮಾತ್ರ. ಗಾಳಿಗೆ ಮೀಸಲಾದ ಜಾಗವನ್ನು ಅನಿಲ ಆಕ್ರಮಿಸುವುದರಿಂದಲೇ ಎಂಜಿನ್ನಿನ ಬಲ ಕುಗ್ಗುತ್ತದೆ. ಮೊದಲೇ 40 ಅಶ್ವಶಕ್ತಿಯ ಆಸುಪಾಸಿನಲ್ಲಿದ್ದ 1089 ಸಿಸಿಯ ಎಂಜಿನ್, ನಾಲ್ವರು ಪ್ರಯಾಣಿಕರನ್ನೂ ಸಿಲಿಂಡರನ್ನೂ ಹೊತ್ತು ಪೆಡರ್ ರಸ್ತೆಯ ಏರನ್ನು ಏದುಸಿರಿನಿಂದ ಹತ್ತುತ್ತಿದ್ದುದಕ್ಕೆ ಚಾಲಕನನ್ನು ದೂರಿ ಫಲವಿರಲಿಲ್ಲ.

ಈಗ ನಿಜವಾದ ಎಂಜಿನ್ ಬದಲಾವಣೆಗೆ ಬರಬಹುದು. ಇದರಲ್ಲಿ ಎರಡು ದಾರಿಗಳುಂಟು. ಅವೆರಡರ ನಡುವಣ ಅಂತರವೆಲ್ಲ ಇಂಧನ ವ್ಯವಸ್ಥೆಯಲ್ಲಿದೆ.

ಮೊದಲನೆಯದು ಕಾರ್ಬುರೇಟರ್ ಎಂಜಿನ್ನಿಗೆ ಕಾರ್ಬುರೇಟರ್ ಎಂಜಿನ್. ಪ್ರೀಮಿಯರ್ ಕಂಪನಿಯೇ 1985ರಿಂದ ಮಾರಿದ 118-ಎನ್‌ಇ ಕಾರಿನಲ್ಲಿ ನಿಸ್ಸಾನ್ ವಿನ್ಯಾಸದ 1171 ಸಿಸಿಯ ಎಂಜಿನ್ ಇತ್ತು. ಅದೂ ಉದ್ದುದ್ದಕ್ಕೆ ಕೂರುವಂಥದು, ಹಿಂದಿನ ಚಕ್ರಗಳನ್ನು ತಿರುಗಿಸುವಂಥದು, ಯಾಂತ್ರಿಕ ಪಂಪನ್ನೇ ಹೊಂದಿದ್ದು. ಇದನ್ನು ಪದ್ಮಿನಿಯಲ್ಲಿ ಕೂರಿಸುವವನು ಹಳೆಯ ಟ್ಯಾಂಕು, ಹಳೆಯ ಕೊಳವೆಯ ದಾರಿ ಎರಡನ್ನೂ ಉಳಿಸಿಕೊಳ್ಳಬಹುದು. ಮಾಡಬೇಕಾದದ್ದು ರಬ್ಬರಿನ ತುಂಡುಗಳನ್ನೆಲ್ಲ ಹೊಸದಾಗಿಸುವುದು, ಕೊಳವೆಯನ್ನು ಹೊಗೆಕೊಳವೆಯಿಂದ ದೂರವಿಡುವುದು, ಟ್ಯಾಂಕನ್ನು ತೊಳೆಯುವುದು. ಯಾಂತ್ರಿಕ ಪಂಪಿನ ಬದಲು ವಿದ್ಯುತ್ ಪಂಪು ಹಾಕುವುದಾದರೆ ಕಾರ್ಬುರೇಟರಿಗೆಂದೇ ಮಾಡಿದ ಮಂದ ಒತ್ತಡದ ಪಂಪನ್ನು ಆರಿಸಬೇಕು. ಒತ್ತಡ ಹೆಚ್ಚಾದರೆ ತೇಲುಗುಂಡಿನ ಸೂಜಿ ಅದನ್ನು ತಡೆಯಲಾರದೆ ಪೆಟ್ರೋಲು ಬಟ್ಟಲಿನಿಂದ ಉಕ್ಕಿ ಬಿಸಿ ಎಂಜಿನ್ನಿನ ಮೇಲೆ ಸುರಿಯುತ್ತದೆ.

ಎರಡನೆಯದು ಇಂಜೆಕ್ಷನ್ ಎಂಜಿನ್ನಿನ ದಾರಿ. ಉದಾಹರಣೆಗೆ, ಮಾರುತಿ ಜಿಪ್ಸಿಯ 1298 ಸಿಸಿ, 80 ಅಶ್ವಶಕ್ತಿಯ ಎಂಜಿನ್ನನ್ನು ಆರಿಸಿಕೊಂಡರೆನ್ನೋಣ. ಕುರ್ಲಾದ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಇಂಥವು ದೊರೆಯುವುದು ಸೋಜಿಗವಲ್ಲ; ಕುರ್ಲಾದಲ್ಲಿ ಹುಟ್ಟಿದ ಕಾರಿಗೆ ಕುರ್ಲಾದ ಗುಜರಿಯೇ ಮರುಜನ್ಮ ಕೊಡುವುದರಲ್ಲಿ ಒಂದು ವಿಧದ ಔಚಿತ್ಯವೂ ಇದೆ. ಇಲ್ಲಿ ಕಾರ್ಬುರೇಟರಿಲ್ಲ. ಪ್ರತಿಯೊಂದು ಸಿಲಿಂಡರಿನ ಗಾಳಿದಾರಿಯಲ್ಲಿ ಒಂದೊಂದು ಇಂಜೆಕ್ಟರು. ಗಣಕಪೆಟ್ಟಿಗೆಯೊಂದು ಅದನ್ನು ಕ್ಷಣದ ಕೆಲವು ಸಾವಿರಾಂಶ ಕಾಲ ತೆರೆದು ಮುಚ್ಚುತ್ತದೆ. ತೆರೆದಿರುವ ಕಾಲವನ್ನು ಎಣಿಸಿ ಪೆಟ್ರೋಲನ್ನು ಅಳೆಯುವ ಈ ಕ್ರಮ ಸರಿಹೋಗಬೇಕಾದರೆ ಇಂಜೆಕ್ಟರಿನ ಹಿಂದು ಮುಂದಿನ ಒತ್ತಡಗಳ ಅಂತರ ಸ್ಥಿರವಾಗಿರಬೇಕು. ಅದಕ್ಕಾಗಿ ಸುಮಾರು 3 ಬಾರ್ ಒತ್ತಡ ಬೇಕು. ಹಳೆಯದಕ್ಕಿಂತ ಹತ್ತು ಹನ್ನೆರಡು ಪಟ್ಟು. ಎಂಜಿನ್ನಿನ ಗಾಳಿದಾರಿಯ ನಿರ್ವಾತ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ರೆಗ್ಯುಲೇಟರಿನ ಬೆನ್ನಿಗೆ ಅಲ್ಲಿಂದಲೇ ಒಂದು ಸಣ್ಣ ನಳಿಕೆ ಜೋಡಿಸುತ್ತಾರೆ. ಈ ನಳಿಕೆಯನ್ನು ಮರೆತು ಬಿಟ್ಟ ಕಾರುಗಳು ನಿಂತಾಗ ಕಪ್ಪು ಹೊಗೆ ಉಗುಳುವುದುಂಟು. ಮೇಸ್ತ್ರಿಗಳು ಗಣಕಪೆಟ್ಟಿಗೆಯನ್ನು ದೂರುವುದೂ ಉಂಟು.

ಪಂಪಿನ ಗಾತ್ರವನ್ನು ಊಹೆಯಿಂದ ನಿರ್ಧರಿಸಬೇಕಾಗಿಲ್ಲ. ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ಕಾಲ ನೀಡಲು ಸಾಧಾರಣ ಪೆಟ್ರೋಲ್ ಎಂಜಿನ್ನಿಗೆ ಕಾಲು ಕಿಲೋಗ್ರಾಮಿನಷ್ಟು ಪೆಟ್ರೋಲು ಬೇಕು. 80 ಅಶ್ವಶಕ್ತಿಗೆ 20 ಕಿಲೋಗ್ರಾಂ, ಎಂದರೆ ಸುಮಾರು 27 ಲೀಟರ್. ಪೇಟೆಯಲ್ಲಿ ದೊರೆಯುವ ಸಾಮಾನ್ಯ ಇಂಜೆಕ್ಷನ್ ಪಂಪು ಗಂಟೆಗೆ 80ರಿಂದ 100 ಲೀಟರ್ ದೂಡಬಲ್ಲದು. ಆದುದರಿಂದ ಆಪೇರಾ ಹೌಸಿನ ಅಂಗಡಿಯಲ್ಲಿ ‘ಇನ್ನೂ ದೊಡ್ಡದು’ ಕೇಳುವುದು ವ್ಯರ್ಥ. ವ್ಯರ್ಥ ಮಾತ್ರವಲ್ಲ, ಹಾನಿಕರ. ವಾಹನಸಂದಣಿಯಲ್ಲಿ ನಿಂತ ಎಂಜಿನ್ ಗಂಟೆಗೆ ಒಂದು ಲೀಟರಿನ ಆಸುಪಾಸು ಮಾತ್ರ ಸುಡುತ್ತದೆ. ಮಿಕ್ಕದ್ದೆಲ್ಲ ಎಂಜಿನ್ನಿನ ಕಾವನ್ನು ಹೊತ್ತು ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಮರಳುತ್ತದೆ. 38 ಲೀಟರಿನ ಟ್ಯಾಂಕಿನ ಪೆಟ್ರೋಲೆಲ್ಲ ಗಂಟೆಗೆ ಎರಡು ಸಲಕ್ಕೂ ಹೆಚ್ಚು ಬಿಸಿ ಎಂಜಿನ್ನನ್ನು ಸುತ್ತಿ ಬಂದಂತಾಯಿತು. ಟ್ಯಾಂಕು ಕಾದಷ್ಟೂ ಆವಿ ಹೆಚ್ಚು, ಪಂಪಿನ ಹಿಡಿತ ಕಡಿಮೆ. ಯೂರೋಪಿನ ತಂಪು ಹವೆಗಾಗಿ ಬರೆದ ಕೈಪಿಡಿಗಳು ಈ ವಿಚಾರದಲ್ಲಿ ಮಿತಭಾಷಿಗಳು. ರೆಗ್ಯುಲೇಟರನ್ನು ಹಿಂದೆ ಟ್ಯಾಂಕಿನ ಬಳಿಯಲ್ಲೇ ಇಟ್ಟು, ಬೇಕಾದಷ್ಟು ಪೆಟ್ರೋಲನ್ನು ಮಾತ್ರ ಒಂದೇ ಕೊಳವೆಯಲ್ಲಿ ಮುಂದೆ ಕಳುಹಿಸುವ ಕ್ರಮವೂ ಇದೆ. ಆಗ ಟ್ಯಾಂಕು ತಂಪಾಗಿರುತ್ತದೆ. ಆದರೆ ನಿರ್ವಾತದ ನಳಿಕೆಯ ಅನುಕೂಲ ಕೈಬಿಡುವುದರಿಂದ ಗಣಕಪೆಟ್ಟಿಗೆಯ ಲೆಕ್ಕವನ್ನು ಅದಕ್ಕೆ ತಕ್ಕಂತೆ ತಿದ್ದಬೇಕು. ತಿದ್ದುವ ಸೌಕರ್ಯವಿದ್ದರೆ ಮುಂಬಯಿಗೆ ಇದೇ ಲೇಸು.

ಇಂಜೆಕ್ಷನ್ ಪಂಪು ದೂಡುವುದರಲ್ಲಿ ಗಟ್ಟಿಗ, ಹೀರುವುದರಲ್ಲಿ ಅಶಕ್ತ. ಅದು ಟ್ಯಾಂಕಿನೊಳಗೆ ಮುಳುಗಿರಬೇಕು, ಇಲ್ಲವೆ ಟ್ಯಾಂಕಿಗಿಂತ ಕೆಳಗೆ ಅದರ ಸಮೀಪದಲ್ಲಿಯೇ ಇರಬೇಕು. ಹಳೆಯ ಟ್ಯಾಂಕಿನಲ್ಲಿ ಇಂಥ ಪಂಪಿಗೆ ತಕ್ಕ ಅಡ್ಡಗೋಡೆಗಳಿಲ್ಲ. ಪೆಟ್ರೋಲು ಅರ್ಧಕ್ಕಿಂತ ಕೆಳಗಿಳಿದಾಗ ತಿರುವುಗಳಲ್ಲಿ ಅದು ಒಂದು ಪಕ್ಕಕ್ಕೆ ಸರಿದು ಪಂಪಿನ ಬಾಯಿ ಬರಿದಾಗುತ್ತದೆ. ಕಾರ್ಬುರೇಟರಿಗೆ ಇದರಿಂದ ಬಾಧೆಯಿಲ್ಲ. ಅದರ ಬಟ್ಟಲೇ ಒಂದು ಸಣ್ಣ ದಾಸ್ತಾನು. ಇಂಜೆಕ್ಟರಿಗೆ ಅಂಥ ದಾಸ್ತಾನಿಲ್ಲ; ಕ್ಷಣಾರ್ಧ ಗಾಳಿ ಬಂದರೂ ಎಂಜಿನ್ ತೊದಲುತ್ತದೆ. ಈ ಕೊರತೆಯನ್ನು ನೀಗಲು ಎರಡು ಉಪಾಯಗಳಿವೆ: ಟ್ಯಾಂಕನ್ನು ಕತ್ತರಿಸಿ ಅಡ್ಡಗೋಡೆ ಬೆಸೆಯುವುದು, ಅಥವಾ ಲೀಟರ್ ಒಂದೂವರೆ ಲೀಟರ್ ಹಿಡಿಯುವ ಉಪಟ್ಯಾಂಕನ್ನು ಹೊರಗಿಟ್ಟು, ಮಂದ ಒತ್ತಡದ ಪಂಪೊಂದು ಅದನ್ನು ಸದಾ ತುಂಬಿಸುವಂತೆಯೂ ಮುಖ್ಯ ಪಂಪು ಅದರಿಂದ ಎತ್ತಿಕೊಳ್ಳುವಂತೆಯೂ ಮಾಡುವುದು.

ಇವುಗಳಲ್ಲಿ ಮೊದಲನೆಯ ಉಪಾಯಕ್ಕೆ ಹೊರಡುವವರು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕು ಹೆಚ್ಚು ಅಪಾಯಕರ. ಗಾಳಿಯಲ್ಲಿ ನೂರಕ್ಕೆ ಒಂದೂವರೆಯಿಂದ ಏಳೂವರೆಯವರೆಗೆ ಪೆಟ್ರೋಲಿನ ಆವಿ ಇದ್ದರೆ ಅದು ಸಿಡಿಯುವ ಮಿಶ್ರಣ. ತಳದಲ್ಲಿ ಅಂಟಿದ ಕೆಲವು ಹನಿಗಳೇ ಅದಕ್ಕೆ ಸಾಕು. ನೀರಿನಿಂದ ಒಂದೆರಡು ಸಲ ಕುಲುಕಿ, ಮೂಗಿಗೆ ವಾಸನೆ ಬಾರದೆಂದು ಬೆಸುಗೆಯ ಜ್ವಾಲೆ ಹಿಡಿಯುವುದು ಪ್ರಾಣಾಂತಿಕ. ತುಕ್ಕಿನ ಪದರದೊಳಗೆ ಅಡಗಿದ ಪೆಟ್ರೋಲು ಬಿಸಿ ತಾಗಿದಾಗ ಹೊರಬರುತ್ತದೆ. ಈ ಕೆಲಸವನ್ನು ಟ್ಯಾಂಕುಗಳ ಬೆಸುಗೆಯನ್ನೇ ಕಸುಬಾಗಿಸಿಕೊಂಡು, ಹಬೆಯಿಂದ ದೀರ್ಘಕಾಲ ತೊಳೆಯುವ ಸೌಕರ್ಯವುಳ್ಳವರಿಗೆ ಒಪ್ಪಿಸಬೇಕು. ಅಂಥವರು ಸಿಗದಿದ್ದರೆ ಉಪಟ್ಯಾಂಕಿನ ದಾರಿಯನ್ನೇ ಹಿಡಿಯಬೇಕು.

ಕೊಳವೆಗಳ ವಿಷಯದಲ್ಲಿ ಜಿಪುಣತನ ಸಲ್ಲದು. ಕಾರ್ಬುರೇಟರಿಗೆ ಬಳಸುವ ಸಾದಾ ರಬ್ಬರು ಹೋಸು ನೋಟಕ್ಕೆ ಇಂಜೆಕ್ಷನ್ ಹೋಸಿನಂತೆಯೇ ಇರುತ್ತದೆ. ಮೈಮೇಲಿನ ಅಕ್ಷರಗಳನ್ನು ಓದಿದಾಗಲೇ ಭೇದ ತಿಳಿಯುವುದು. ತಳದಡಿಯ ಉದ್ದದ ದಾರಿ ಲೋಹದ್ದೇ ಆಗಿರಬೇಕು. ಎಂಜಿನ್ ಅಲುಗುವ ಕಡೆ ಮಾತ್ರ, ಗೇಣುದ್ದ, ಇಂಜೆಕ್ಷನ್ ದರ್ಜೆಯ ಹೋಸು ಇರಲಿ. ಹಲ್ಲು ಹಲ್ಲಾದ ಸಾದಾ ಕ್ಲಿಪ್ಪು ಹೋಸನ್ನು ಕತ್ತರಿಸುವುದರಿಂದ ಅಂಚು ಮಡಿಚಿದ ಕ್ಲಿಪ್ಪು ಉತ್ತಮ. ಪಂಪಿಗೆ ಮೊದಲು ಒರಟು ಜಾಲರಿ, ಪಂಪಿನ ಅನಂತರ ಸೂಕ್ಷ್ಮ ಫಿಲ್ಟರು. ಇದನ್ನು ಅದಲು ಬದಲು ಮಾಡಿದರೆ ಸೂಕ್ಷ್ಮ ಫಿಲ್ಟರು ಹೀರಿಕೆಯನ್ನು ತಡೆದು ಪಂಪನ್ನೇ ಕೊಲ್ಲುತ್ತದೆ. ಯಾವ ಜೋಡಣೆಯೂ ಪ್ರಯಾಣಿಕರು ಕೂರುವ ಭಾಗದಲ್ಲಿರಕೂಡದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಅದು ಕಾಲಡಿಯಲ್ಲಿ ಮಡುಗಟ್ಟುತ್ತದೆ; ಹಗುರವಾದ ಮೀಥೇನಿನಂತೆ ಮೇಲೆದ್ದು ಹೋಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಪಂಪನ್ನು ನಿಲ್ಲಿಸುವ ಏರ್ಪಾಡು. ಹಳೆಯ ಪಂಪು ಎಂಜಿನ್ನಿನೊಡನೆ ನಿಲ್ಲುತ್ತಿತ್ತು. ವಿದ್ಯುತ್ ಪಂಪಿನ ತಂತಿಯನ್ನು ಕೀಲಿಗೆ ನೇರವಾಗಿ ಜೋಡಿಸಿದರೆ ಅಪಘಾತವಾಗಿ ಎಂಜಿನ್ ನಿಂತ ಮೇಲೂ, ಕೀಲಿ ತಿರುಗಿಸುವವರಿಲ್ಲದಿದ್ದರೆ, ಅದು ತುಂಡಾದ ಕೊಳವೆಯಿಂದ ಪೆಟ್ರೋಲು ಚೆಲ್ಲುತ್ತಲೇ ಇರುತ್ತದೆ. ಎಂಜಿನ್ ತಿರುಗುತ್ತಿರುವುದನ್ನು ಅರಿತು ಮಾತ್ರ ಪಂಪಿಗೆ ವಿದ್ಯುತ್ತು ಕೊಡುವ ರಿಲೇಯೂ, ಡಿಕ್ಕಿಯ ಆಘಾತಕ್ಕೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚೂ ಇರಬೇಕು. ಮುಂಬಯಿಯ ಮಾತಿನ ‘ಡಿಕ್ಕಿ’ಗೂ ಕನ್ನಡದ ‘ಡಿಕ್ಕಿ’ಗೂ ಇಲ್ಲಿ ದುರದೃಷ್ಟವಶಾತ್ ಸಂಬಂಧವಿದೆ: ಟ್ಯಾಂಕು ಇರುವುದು ಮೊದಲನೆಯದರ ಬಳಿ, ಅದು ಒಡೆಯುವುದು ಎರಡನೆಯದರಿಂದ.

ಇನ್ನು ಪೆಟ್ರೋಲೇ ಬದಲಾಗಿದೆ. ಪೆಟ್ರೋಲಿಗೆ ಮದ್ಯಸಾರ ಬೆರೆಸುವ ಆಲೋಚನೆ ಹಳೆಯದು. 1948ರಲ್ಲಿಯೇ ಅದಕ್ಕೊಂದು ಶಾಸನವಿತ್ತು. ನೂರಕ್ಕೆ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆತು, ಎರಡು ವರ್ಷಗಳಲ್ಲಿ ಅದು ದೇಶವ್ಯಾಪಿಯಾಯಿತು. ಎಥನಾಲಿನಲ್ಲಿಯೇ ಆಮ್ಲಜನಕವಿರುವುದರಿಂದ ಅದಕ್ಕೆ ಕಡಿಮೆ ಗಾಳಿ ಸಾಕು. ಹಳೆಯ ಜೆಟ್ಟುಗಳುಳ್ಳ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಜೆಟ್ಟನ್ನು ಕೊಂಚ ಹಿರಿದಾಗಿಸುವುದೇ ಪರಿಹಾರ. ಆಮ್ಲಜನಕದ ಸಂವೇದಕವಿರುವ ಇಂಜೆಕ್ಷನ್ ವ್ಯವಸ್ಥೆ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಅದರ ಪರವಾಗಿ ಹೇಳಬಹುದಾದ ಬಲವಾದ ಮಾತು ಇದು. ಆದರೆ ಎಥನಾಲು ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ಹಳೆಯ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ಕಳುಹಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೊದಿಕೆಯಡಿ ನಿಂತ ಕಾರಿನಲ್ಲಿ ನೀರಿನ ಅಂಶ ಮಿತಿಮೀರಿದರೆ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪಂಪಿನ ಬಾಯಿ ಇರುವುದೂ ಅಲ್ಲಿಯೇ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕಾರನ್ನು ಓಡಿಸಿ ಪೆಟ್ರೋಲನ್ನು ಖರ್ಚು ಮಾಡುವುದು ಯಾವ ಔಷಧಿಗಿಂತಲೂ ಮೇಲು.

ಕಾನೂನಿನ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. 1988ರ ಮೋಟಾರು ವಾಹನ ಶಾಸನದ 52ನೆಯ ಕಲಮಿನ ಮೇರೆಗೆ, ತಯಾರಕರು ನಿರ್ದೇಶಿಸಿದ ಮೂಲ ಲಕ್ಷಣಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ ಆಸ್ಪದವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಎಂಜಿನ್ ಬದಲಿಸುವವರು ನೋಂದಣಿ ಅಧಿಕಾರಿಯ ಅನುಮತಿಯನ್ನು ಮುಂಚಿತವಾಗಿಯೇ ಕೇಳಬೇಕು. ಬೇರೆ ಕಂಪನಿಯ, ಬೇರೆ ಸಾಮರ್ಥ್ಯದ ಎಂಜಿನ್ನಿಗೆ ಅದು ದೊರೆಯುವುದು ದುಸ್ತರ. ಅನುಮತಿಯಿಲ್ಲದ ಕಾರಿಗೆ ಬೆಂಕಿ ಬಿದ್ದರೆ ವಿಮೆಯ ಕಂಪನಿ ಹಣ ಕೊಡಲು ನಿರಾಕರಿಸಬಹುದು. 2021ರ ಜುಲೈಯಲ್ಲಿ ಹೊರಟ ನಿಯಮಗಳ ಪ್ರಕಾರ 50 ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ಎಂಬ ವಿಶೇಷ ನೋಂದಣಿ ಉಂಟು. ಆದರೆ ಅದು ಮೂಲರೂಪದಲ್ಲಿ ಉಳಿದವುಗಳಿಗೆ ಮಾತ್ರ. 1964ರಿಂದ 1970ರ ದಶಕದ ಮಧ್ಯದವರೆಗಿನ ಫಿಯೆಟ್ಟುಗಳು ಈಗ ಆ ವಯಸ್ಸನ್ನು ಮುಟ್ಟಿವೆ. ಅಂಥ ಕಾರಿಗೆ ಇಂಜೆಕ್ಷನ್ ಎಂಜಿನ್ ಕೂರಿಸುವವನು 80 ಅಶ್ವಶಕ್ತಿಯನ್ನು ಗಳಿಸಿ ಆ ಗೌರವವನ್ನು ಕಳೆದುಕೊಳ್ಳುತ್ತಾನೆ. ಮೂಲ ಎಂಜಿನ್ನಿನ ಸಿಲಿಂಡರು ಕೊರೆದು ಪಿಸ್ಟನ್ ಬದಲಿಸಿ ಉಳಿಸುವ ಸಾಧ್ಯತೆ ಇರುವಷ್ಟು ಕಾಲ ಅದನ್ನೇ ಮಾಡುವುದು ವಿವೇಕ. ಅದು ಸಾಧ್ಯವಿಲ್ಲದಿದ್ದರೆ 1171 ಸಿಸಿಯ ಎಂಜಿನ್. ಇಂಜೆಕ್ಷನ್ ಕೊನೆಯ ಆಯ್ಕೆ.

ಯಾವ ದಾರಿಯನ್ನೇ ಹಿಡಿದರೂ ಮೊದಲ ಓಟಕ್ಕೆ ಮುಂಚೆ ಪರೀಕ್ಷೆ ನಡೆಯಬೇಕು. ಬ್ಯಾಟರಿಯ ಸಂಪರ್ಕ ಕೊಡುವ ಮುನ್ನ ಬೆಂಕಿ ಆರಿಸುವ ಸಿಲಿಂಡರು ಕೈಗೆಟಕುವಂತಿರಲಿ. ಟ್ಯಾಂಕಿನಲ್ಲಿ ಐದು ಲೀಟರಿಗಿಂತ ಹೆಚ್ಚು ಬೇಡ. ಎಂಜಿನ್ ತಿರುಗಿಸದೆ ಪಂಪನ್ನು ಮಾತ್ರ ನಡೆಸಿ, ಒತ್ತಡ 3 ಬಾರಿಗೆ ಏರಿದ ಮೇಲೆ ನಿಲ್ಲಿಸಿ, ಮುಳ್ಳು ಹತ್ತು ನಿಮಿಷದಲ್ಲಿ ಎಷ್ಟು ಇಳಿಯಿತೆಂದು ನೋಡಬೇಕು. ಪ್ರತಿಯೊಂದು ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ಟಾರ್ಚಿನ ಬೆಳಕಿನಲ್ಲಿ ಪರೀಕ್ಷಿಸಬೇಕು. ಅನಂತರ ಎಂಜಿನ್ ಕಾದಾಗ ಇನ್ನೊಮ್ಮೆ, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ. ಕಾಲು ಟ್ಯಾಂಕಿನಲ್ಲಿ ಎಡಕ್ಕೂ ಬಲಕ್ಕೂ ದೀರ್ಘ ತಿರುವುಗಳನ್ನು ಹಾಕಿ, ಬಿಸಿಲಿನ ಸಂದಣಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ, ಕೊನೆಗೆ ಖಂಡಾಲಾ ಘಾಟಿಯ ಏರಿನಲ್ಲಿ ಒತ್ತಡದ ಮುಳ್ಳು ಅಲುಗದಿದ್ದರೆ ಕಾರು ಪುಣೆಯ ದಾರಿಯಲ್ಲಿ ಮುಂದುವರಿಯಬಹುದು.